ಪೂನಾ ರಸ್ತೆಯೂ ಪೆಟ್ರೋಲಿನ ಮುಳ್ಳೂ

ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರಿಗೆ ಊರಿಗೆ ಹೋಗುವ ದಾರಿಗಳು ಹಲವು. ಕರಾವಳಿಯವರದು ಪನವೇಲಿನಿಂದ ಒಂದು ದಾರಿ. ವಿಜಾಪುರ ಕಲಬುರ್ಗಿಯವರದು ಸೋಲಾಪುರದ ದಾರಿ. ಬೆಳಗಾವಿ, ಧಾರವಾಡ, ಹಾವೇರಿಯ ಕಡೆಯವರದು ಪೂನಾ ರಸ್ತೆ. ೨೦೧೦ರಲ್ಲಿ ಹೆದ್ದಾರಿಗಳಿಗೆ ಹೊಸ ಸಂಖ್ಯೆ ಕೊಟ್ಟಾಗ ರಾಷ್ಟ್ರೀಯ ಹೆದ್ದಾರಿ ೪ ಎಂಬುದು ೪೮ ಆಯಿತು. ಆದರೂ ಹುಬ್ಬಳ್ಳಿ ಧಾರವಾಡಗಳಲ್ಲಿ ಇಂದಿಗೂ ಅದು ಪಿ. ಬಿ. ರೋಡೇ. ಪೂನಾ-ಬೆಂಗಳೂರು ರಸ್ತೆ ಎಂಬುದನ್ನು ಹೀಗೆ ಮೊಟಕುಮಾಡಿದ ನಮ್ಮ ಜನ, ಊರಿನ ಹೆಸರು ಪುಣೆ ಎಂದಾದ ಮೇಲೂ ಆ ‘ಪಿ’ಯನ್ನು ಬಿಟ್ಟಿಲ್ಲ.

ಈ ರಸ್ತೆಯನ್ನು ವರ್ಣಿಸಿದವರು ಹಲವರುಂಟು. ಘಟ್ಟದ ಮಂಜು, ಸಾತಾರೆಯ ಕಂದಿ ಪೇಡೆ, ಕೊಲ್ಲಾಪುರದ ಅಂಬಾಬಾಯಿ, ಕಿತ್ತೂರಿನ ಕೋಟೆ ಎಲ್ಲವೂ ವಾಚಕರಿಗೆ ತಿಳಿದವೇ. ನಾವು ಇಂದು ಹೇಳಹೊರಟಿರುವುದು ಗಾಡಿ ನಡೆಸುವವನ ಕಣ್ಣೆದುರು ಇರುವ ಒಂದು ಸಣ್ಣ ಮುಳ್ಳಿನ ಮಾತು. ಬದಿಯಲ್ಲಿ ಕುಳಿತವರು ಕಿಟಕಿಯ ಹೊರಗೆ ನೋಡುತ್ತಾರೆ. ಹಿಂದೆ ಕುಳಿತವರು ಚಕ್ಕುಲಿಯ ಡಬ್ಬಿ ನೋಡುತ್ತಾರೆ. ನಡೆಸುವವನು ಮಾತ್ರ ದಾರಿಯನ್ನೂ ಮುಳ್ಳನ್ನೂ ನೋಡುತ್ತಾನೆ. ಆ ಮುಳ್ಳು ಹೇಳುವುದರಲ್ಲಿ ನಿಜವೆಷ್ಟು, ಅಂದಾಜೆಷ್ಟು ಎಂಬುದನ್ನು ತಿಳಿಯುವುದಕ್ಕೆ ನಮ್ಮ ಪೂನಾ ರಸ್ತೆಗಿಂತ ಒಳ್ಳೆಯ ಶಾಲೆ ಬೇರೆ ಇಲ್ಲವೆಂದು ನಮ್ಮ ಅನುಭವ.

ಮೊದಲು ಲೆಕ್ಕ. ಮುಂಬಯಿಯಿಂದ ಪುಣೆಗೆ ಸುಮಾರು ೧೫೦ ಕಿಲೋಮೀಟರು, ಅಲ್ಲಿಂದ ಸಾತಾರೆಗೆ ೧೧೦, ಕರಾಡಕ್ಕೆ ೫೦ ಚಿಲ್ಲರೆ, ಕೊಲ್ಲಾಪುರಕ್ಕೆ ೭೦ ಚಿಲ್ಲರೆ, ನಿಪ್ಪಾಣಿಗೆ ೪೦ಕ್ಕೆ ಸ್ವಲ್ಪ ಕಡಮೆ, ಬೆಳಗಾವಿಗೆ ೭೫, ಧಾರವಾಡಕ್ಕೆ ಇನ್ನೂ ೭೫. ಒಟ್ಟು ೫೭೦ರ ಆಸುಪಾಸು. ನಮ್ಮದು ಸಣ್ಣ ಕಾರು. ಟ್ಯಾಂಕು ೩೭ ಲೀಟರಿನದು. ಐದು ಜನ, ಅವರ ಗಂಟುಮೂಟೆ, ತಂಪುಯಂತ್ರ ಇವೆಲ್ಲ ಸೇರಿ ಲೀಟರಿಗೆ ೧೫ ಕಿಲೋಮೀಟರು ಕೊಟ್ಟರೆ ಸಮಾಧಾನ. ಮೂವತ್ತೇಳನ್ನು ಹದಿನೈದರಿಂದ ಗುಣಿಸಿದರೆ ೫೫೫. ಅಂದರೆ ಮನೆಯಿಂದ ತುಂಬಿಸಿಕೊಂಡು ಹೊರಟ ಟ್ಯಾಂಕು ಧಾರವಾಡಕ್ಕೆ ಹದಿನೈದು ಕಿಲೋಮೀಟರು ಮುಂಚೆ ಬರಿದಾಗಬೇಕು! ದೇವರು ನಮ್ಮ ಊರನ್ನು ಒಂದು ಟ್ಯಾಂಕಿಗೆ ಎಟುಕದ ಹಾಗೆ, ಆದರೆ ಆಸೆ ಹುಟ್ಟಿಸುವಷ್ಟು ಹತ್ತಿರದಲ್ಲಿ ಇಟ್ಟಿದ್ದಾನೆ. ದಾರಿಯಲ್ಲಿ ಒಮ್ಮೆ ತುಂಬಿಸಲೇಬೇಕು. ಎಲ್ಲಿ, ಯಾವಾಗ ಎಂಬುದೇ ಪ್ರಶ್ನೆ.

ಮುಳ್ಳಿಲ್ಲದ ಕಾಲವೂ ಒಂದಿತ್ತು. ೧೯೦೮ರಿಂದ ೧೯೨೭ರವರೆಗೆ ಅಮೆರಿಕದಲ್ಲಿ ತಯಾರಾದ ಫೋರ್ಡ್ ಕಂಪನಿಯ ಟಿ ಮಾದರಿಯ ಕಾರಿನಲ್ಲಿ ಪೆಟ್ರೋಲಿನ ಮುಳ್ಳು ಇರಲಿಲ್ಲ. ಆಸನವನ್ನು ಎತ್ತಿ, ಟ್ಯಾಂಕಿನ ಮುಚ್ಚಳ ತೆಗೆದು, ಗುರುತು ಹಾಕಿದ ಕಡ್ಡಿಯನ್ನು ಅದ್ದಿ ನೋಡಬೇಕಿತ್ತು. ಟ್ಯಾಂಕಿನಿಂದ ಎಂಜಿನಿಗೆ ಪೆಟ್ರೋಲು ತನ್ನ ಭಾರದಿಂದಲೇ ಇಳಿಯುತ್ತಿತ್ತು; ತಳ್ಳುವ ಪಂಪಿರಲಿಲ್ಲ. ಆದ್ದರಿಂದ ಪೆಟ್ರೋಲು ಕಡಮೆಯಿದ್ದಾಗ ಕಡಿದಾದ ಏರು ಬಂದರೆ ಜನ ಗಾಡಿಯನ್ನು ತಿರುಗಿಸಿ ಹಿಮ್ಮುಖವಾಗಿ ಹತ್ತಿಸುತ್ತಿದ್ದರಂತೆ. ನಮ್ಮ ಖಂಡಾಳೆಯ ಘಟ್ಟವನ್ನು ಹಾಗೆ ಹತ್ತುವುದನ್ನು ಊಹಿಸಿಕೊಂಡರೆ ಇಂದಿನ ಮುಳ್ಳಿಗೆ ಕೈಮುಗಿಯಬೇಕೆನಿಸುತ್ತದೆ.

ಅಷ್ಟು ದೂರವೇಕೆ? ನಮ್ಮ ತಂದೆಯವರ ಬಜಾಜ್ ಸ್ಕೂಟರಿಗೆ ಎಲ್ಲಿಯ ಮುಳ್ಳು? ಆಸನದ ಕೆಳಗೆ ಒಂದು ತಿರುಪು. ಅದಕ್ಕೆ ಮೂರು ನಿಲುವು: ಬಂದ್, ಚಾಲೂ, ರಿಸರ್ವ್. ಸ್ಕೂಟರು ಕೆಮ್ಮಿ ನಿಂತಿತೆಂದರೆ ತಿರುಪನ್ನು ರಿಸರ್ವಿಗೆ ತಿರುಗಿಸುವುದು. ಅದೂ ಮುಗಿದರೆ ಸ್ಕೂಟರನ್ನು ಒಂದು ಮಗ್ಗುಲಿಗೆ ಮಲಗಿಸಿ ಎತ್ತುವುದು! ಮೂಲೆಯಲ್ಲಿ ಉಳಿದ ನಾಲ್ಕು ಹನಿ ಕೊಳವೆಗೆ ಬಂದು ಪಂಪಿನ ತನಕ ಮುಟ್ಟಿಸುತ್ತಿತ್ತು. ಐವತ್ತು ದಾಟಿದ ವಾಚಕರಲ್ಲಿ ಆ ದೃಶ್ಯವನ್ನು ಕಾಣದವರು ವಿರಳ.

ರಿಸರ್ವ್ ಎಂದರೆ ಬೇರೆಯೇ ಒಂದು ಪುಟ್ಟ ಟ್ಯಾಂಕು ಎಂದು ಈಗಲೂ ಅನೇಕರ ನಂಬಿಕೆ. ಹಾಗೇನೂ ಇಲ್ಲ. ಟ್ಯಾಂಕು ಒಂದೇ. ಅದರ ತಳದಲ್ಲಿ ಎರಡು ಬಾಯಿ: ಒಂದು ಸ್ವಲ್ಪ ಎತ್ತರಕ್ಕೆ ನಿಂತ ಕೊಳವೆ, ಇನ್ನೊಂದು ತಳಕ್ಕೆ ಹತ್ತಿದ ತೂತು. ಚಾಲೂ ಇರುವಾಗ ಎತ್ತರದ ಕೊಳವೆಯಿಂದ ಪೆಟ್ರೋಲು ಬರುತ್ತದೆ. ಮಟ್ಟ ಅದಕ್ಕಿಂತ ಕೆಳಗಿಳಿದೊಡನೆ ನಿಲ್ಲುತ್ತದೆ. ತಿರುಪನ್ನು ತಿರುಗಿಸಿದರೆ ತಳದ ಬಾಯಿ ತೆರೆಯುತ್ತದೆ. ನಮ್ಮ ಅಜ್ಜಿ ಜೋಳದ ಹಗೇವಿನಲ್ಲಿ ಬಿತ್ತನೆಯ ಕಾಳನ್ನು ಬೇರೆ ತೆಗೆದಿಡುತ್ತಿದ್ದಳಲ್ಲ, ಅದೇ ನ್ಯಾಯ. ಕಾಳು ಅದೇ, ಹೊಲ ಅದೇ. ಮುಟ್ಟಬಾರದೆಂಬ ಕಟ್ಟು ಮಾತ್ರ ಬೇರೆ.

ಕಾರಿನಲ್ಲಿ ಈ ತಿರುಪಿಲ್ಲ. ಅದರ ಬದಲು ಮುಳ್ಳು ಕೆಳಗಿಳಿದಾಗ ಹೊತ್ತಿಕೊಳ್ಳುವ ಒಂದು ಹಳದಿ ದೀಪವಿದೆ. ದೀಪ ಹೊತ್ತಿದಾಗ ಎಷ್ಟು ಉಳಿದಿರುತ್ತದೆ ಎಂಬುದು ಗಾಡಿಯಿಂದ ಗಾಡಿಗೆ ಬೇರೆ. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಐದು ಲೀಟರಿನ ಆಸುಪಾಸು. ಗಾಡಿಯ ಜೊತೆಗೆ ಕೊಟ್ಟ ಪುಸ್ತಕವನ್ನು ಕೈಚೀಲದ ಗೂಡಿನಿಂದ ಒಮ್ಮೆ ಹೊರತೆಗೆದು ಓದಿದರೆ ತಮ್ಮ ಗಾಡಿಯ ಅಂಕೆ ತಿಳಿದೀತು. ಐದು ಲೀಟರೆಂದರೆ ಕಾಗದದ ಮೇಲೆ ೭೫ ಕಿಲೋಮೀಟರು. ಆದರೆ ಕಾಗದದ ಮೇಲೆ ಘಟ್ಟವಿಲ್ಲ, ಲಾರಿಗಳ ಸಾಲಿಲ್ಲ, ಮಳೆಯಿಲ್ಲ. ದೀಪ ಹೊತ್ತಿದ ಮೇಲೆ ೪೦ ಕಿಲೋಮೀಟರಿನ ಒಳಗೆ ಪಂಪು ಸೇರತಕ್ಕದ್ದು ಎಂಬುದು ನಮ್ಮ ಮನೆಯ ಕಟ್ಟಳೆ.

ಇನ್ನು ಮುಳ್ಳಿನ ಒಳಗುಟ್ಟು. ಟ್ಯಾಂಕಿನೊಳಗೆ ಪೆಟ್ರೋಲಿನ ಮೇಲೆ ತೇಲುವ ಒಂದು ಬೆಂಡು. ಅದಕ್ಕೆ ಕಟ್ಟಿದ ಒಂದು ತೋಳು. ಬೆಂಡು ಏರಿಳಿದಂತೆ ತೋಳಿನ ತುದಿ ಒಂದು ಪಟ್ಟಿಯ ಮೇಲೆ ಸರಿದು, ಅಲ್ಲಿ ಹರಿಯುವ ವಿದ್ಯುತ್ತಿಗೆ ತಡೆ ಹೆಚ್ಚು ಕಡಮೆಯಾಗುತ್ತದೆ. ಆ ವ್ಯತ್ಯಾಸವೇ ಮುಳ್ಳನ್ನು ಆಡಿಸುತ್ತದೆ. ಅಂದರೆ ಮುಳ್ಳು ಪೆಟ್ರೋಲನ್ನು ಅಳೆಯುವುದಿಲ್ಲ, ಬೆಂಡಿನ ಎತ್ತರವನ್ನು ಅಳೆಯುತ್ತದೆ. ಇದನ್ನು ನೆನಪಿಟ್ಟರೆ ಅದರ ಎಲ್ಲ ವಿಚಿತ್ರ ನಡತೆಗೂ ಅರ್ಥ ಸಿಗುತ್ತದೆ.

ಮುಂಬಯಿಯಲ್ಲಿ ತುಂಬಿಸಿ ಹೊರಟರೆ ಲೋಣಾವಳೆಯ ತನಕ ಮುಳ್ಳು ಮಿಸುಕುವುದೇ ಇಲ್ಲ. “ಅಪ್ಪಾ, ನಮ್ಮ ಗಾಡಿ ಪೆಟ್ರೋಲ್ ಕುಡಿಯೂದೇ ಇಲ್ಲ!” ಎಂದು ನಮ್ಮ ಚಿಕ್ಕವನು ಪ್ರತಿ ವರ್ಷವೂ ಆನಂದಪಡುತ್ತಾನೆ. ಬೆಂಡು ಟ್ಯಾಂಕಿನ ಚಾವಣಿಗೆ ತಾಗಿ ನಿಂತಿರುತ್ತದೆ. ಅದಕ್ಕಿಂತ ಮೇಲಿರುವ, ಕತ್ತಿನವರೆಗಿನ ಪೆಟ್ರೋಲು ಮುಗಿಯುವ ತನಕ ಅದಕ್ಕೆ ಇಳಿಯಲು ಕಾರಣವಿಲ್ಲ. ಮುಂದೆ ಅರ್ಧ ದಾಟಿದ ಮೇಲೆ ಅನೇಕ ಗಾಡಿಗಳಲ್ಲಿ ಮುಳ್ಳು ಧಡಧಡನೆ ಇಳಿದಂತೆ ಕಾಣುತ್ತದೆ. ಟ್ಯಾಂಕು ಸಕ್ಕರೆಯ ಡಬ್ಬಿಯಂತೆ ನೇರವಾದದ್ದಲ್ಲ. ಆಸನದ ಕೆಳಗೆ, ಹಿಂದಿನ ಅಚ್ಚಿನ ಬಳಿ ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಅಂಕುಡೊಂಕಾಗಿ ಕೂಡಿಸಿದ್ದು. ಮೇಲೆ ಅಗಲ, ಕೆಳಗೆ ಕಿರಿದು ಇರುವ ಪಾತ್ರೆಯಲ್ಲಿ ಮಟ್ಟ ಕೊನೆಗೆ ಬೇಗ ಇಳಿಯುವುದು ಸಹಜ.

ಬೋರ್ ಘಾಟನ್ನು ಹತ್ತುವಾಗ ಮುಳ್ಳು ಒಂದು ಹೇಳುತ್ತದೆ. ಮೇಲೆ ಸಮನೆಲಕ್ಕೆ ಬಂದಾಗ ಇನ್ನೊಂದು. ಗಾಡಿ ಓರೆಯಾದಾಗ ಪೆಟ್ರೋಲು ಹಿಂದಕ್ಕೆ ಸರಿಯುತ್ತದೆ. ಬೆಂಡು ಇರುವ ಸ್ಥಳಕ್ಕೆ ತಕ್ಕಂತೆ ಏರಿದಂತೆಯೋ ಇಳಿದಂತೆಯೋ ತೋರುತ್ತದೆ. ಹೊಸ ಗಾಡಿಗಳು ಈ ತುಳುಕಾಟವನ್ನು ಸರಾಸರಿ ಮಾಡಿ ನಿಧಾನವಾಗಿ ತೋರಿಸುತ್ತವೆ. ಆದ್ದರಿಂದ ಮುಳ್ಳನ್ನು ಸಮನೆಲದಲ್ಲಿ, ಗಾಡಿ ಸ್ವಲ್ಪ ಹೊತ್ತು ಓಡಿದ ಮೇಲೆ ನೋಡಬೇಕು.

ಈಚಿನ ಗಾಡಿಗಳಲ್ಲಿ ಮುಳ್ಳಿನ ಜೊತೆಗೆ ‘ಇನ್ನು ಇಷ್ಟು ಕಿಲೋಮೀಟರು ಹೋಗಬಹುದು’ ಎಂದು ಅಂಕೆಯೇ ಬರುತ್ತದೆ. ಮಕ್ಕಳಿಗೆ ಅದು ವೇದವಾಕ್ಯ. ಘಟ್ಟ ಹತ್ತುವಾಗ ಆ ಅಂಕೆ ಗಬಗಬನೆ ಇಳಿಯುತ್ತದೆ. ಇಳಿಜಾರಿನಲ್ಲಿ ಮತ್ತೆ ಏರುತ್ತದೆ. “ಇದೇನ್ರಿ, ಓಡಿದ್ಹಂಗ ಪೆಟ್ರೋಲ್ ಹೆಚ್ಚಾಗಾಕತ್ತೈತಿ!” ಎಂದು ನಮ್ಮ ಮನೆಯವರು ಒಮ್ಮೆ ಬೆರಗಾದರು. ಹಿಂದಿನ ಕೆಲವು ಕಿಲೋಮೀಟರಿನಲ್ಲಿ ಎಷ್ಟು ಉರಿಯಿತೋ ಅದೇ ಪ್ರಮಾಣದಲ್ಲಿ ಮುಂದೆಯೂ ಉರಿಯುತ್ತದೆಂದು ಭಾವಿಸಿ ಯಂತ್ರ ಮಾಡಿದ ಗುಣಾಕಾರ ಅದು. ಮುಂದೆ ಘಟ್ಟವಿದೆಯೋ ಬಯಲಿದೆಯೋ ಅದಕ್ಕೇನು ಗೊತ್ತು? ದಾರಿ ಬಲ್ಲವರು ನಾವು, ಅದಲ್ಲ.

ಇದಕ್ಕಿಂತ ನಂಬಿಗಸ್ತ ಲೆಕ್ಕ ಒಂದಿದೆ; ಕಾಸಿನ ಖರ್ಚಿಲ್ಲದ್ದು. ಪಂಪಿನ ಕೊಳವೆ ತಾನೇ ಟಕ್ಕೆಂದು ನಿಲ್ಲುವ ತನಕ ತುಂಬಿಸಿ, ಕಿಲೋಮೀಟರಿನ ಚಿಕ್ಕ ಮೀಟರನ್ನು ಸೊನ್ನೆಗೆ ತನ್ನಿ. ಮುಂದಿನ ಸಲ ಅದೇ ರೀತಿ ತುಂಬಿಸಿದಾಗ ಹಿಡಿಸಿದ ಲೀಟರಿನಿಂದ ಓಡಿದ ದೂರವನ್ನು ಭಾಗಿಸಿ. ಕಳೆದ ಮೇ ತಿಂಗಳಲ್ಲಿ ಮುಂಬಯಿಯಿಂದ ನಿಪ್ಪಾಣಿಗೆ ನಮ್ಮ ಮೀಟರು ೪೨೨ ತೋರಿತು. ಹಿಡಿಸಿದ್ದು ೨೮ ಲೀಟರು. ಲೀಟರಿಗೆ ೧೫. ಟ್ಯಾಂಕಿನಲ್ಲಿ ೯ ಲೀಟರು ಇನ್ನೂ ಇದ್ದವು. ಮುಳ್ಳು ಕಾಲುಭಾಗಕ್ಕಿಂತ ಕೂದಲಷ್ಟು ಕೆಳಗಿತ್ತು. ಹೀಗೆ ನಾಲ್ಕಾರು ಸಲ ಮಾಡಿದರೆ ತಮ್ಮ ಗಾಡಿಯ ಮುಳ್ಳು ಯಾವ ಜಾಗದಲ್ಲಿ ಎಷ್ಟು ಸುಳ್ಳು ಹೇಳುತ್ತದೆಂಬುದು ಕೈವಶವಾಗುತ್ತದೆ.

ಟಕ್ಕೆಂದು ನಿಂತ ಮೇಲೆ “ಇನ್ನೊಂದಿಷ್ಟು, ರೌಂಡ್ ಫಿಗರ್” ಎಂದು ಕತ್ತಿನವರೆಗೆ ತುಂಬಿಸುವ ಚಪಲ ಒಳ್ಳೆಯದಲ್ಲ. ಪೆಟ್ರೋಲು ಬಿಸಿಲಿಗೆ ಉಬ್ಬುತ್ತದೆ. ಹತ್ತು ಡಿಗ್ರಿ ಏರಿದರೆ ನೂರು ಲೀಟರು ಹೆಚ್ಚುಕಡಮೆ ನೂರೊಂದಾಗುತ್ತದೆ. ಉಬ್ಬಲು ಜಾಗ ಬೇಕು; ಆವಿಯನ್ನು ಹಿಡಿದಿಡುವ ಇದ್ದಿಲಿನ ಡಬ್ಬಿಗೆ ಪೆಟ್ರೋಲೇ ನುಗ್ಗಿದರೆ ಅದು ಕೆಡುತ್ತದೆ. ನಸುಕಿನಲ್ಲಿ ತಂಪು ಪೆಟ್ರೋಲು ತುಂಬಿಸಿದರೆ ಲಾಭವೆಂಬ ಮಾತನ್ನೂ ಕೇಳುತ್ತೇವೆ. ಪಂಪಿನ ಟ್ಯಾಂಕು ನೆಲದ ಆಳದಲ್ಲಿರುತ್ತದೆ. ಅಲ್ಲಿ ಹಗಲು ರಾತ್ರಿಯ ವ್ಯತ್ಯಾಸ ಅತ್ಯಲ್ಪ. ಆ ಲಾಭದಿಂದ ಒಂದು ಕಪ್ಪು ಚಹವೂ ಬಾರದು.

ಈಗ ದಾರಿಗೆ ಮರಳೋಣ. ೨೦೦೨ರಲ್ಲಿ ಪೂರ್ತಿಯಾಗಿ ತೆರೆದ ಮುಂಬಯಿ-ಪುಣೆ ಎಕ್ಸ್‌ಪ್ರೆಸ್ ಹೆದ್ದಾರಿ ಸುಮಾರು ೯೪ ಕಿಲೋಮೀಟರು. ಅಲ್ಲಿ ಬೇಕೆಂದಲ್ಲಿ ಹೊರಳಲು ಬಾರದು. ಹೊರಬರುವ ಬಾಯಿಗಳು ಕೆಲವೇ. ಅಲ್ಲಿಗೆ ಕಾಲಿಡುವ ಮುನ್ನ ಮುಳ್ಳು ಮೇಲಿರಲಿ. ಪುಣೆ ದಾಟಿ ನೀರಾ ನದಿ, ಆಮೇಲೆ ಶಿರವಳ, ಆಮೇಲೆ ಖಂಬಾಟಕಿ ಘಟ್ಟ. ದಕ್ಷಿಣಕ್ಕೆ ಬರುವವರು ಘಟ್ಟ ಹತ್ತಿ, ಪುಣೆಗೆ ಹೋಗುವವರು ಸುರಂಗ ಹೊಗುವುದು ಅಲ್ಲಿ ಬಹುಕಾಲ ನಡೆದುಬಂದ ಏರ್ಪಾಡು. ರಜೆಯ ದಿನಗಳಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಸಾಕು, ಹಿಂದೆ ಮೈಲುಗಟ್ಟಲೆ ಸಾಲು.

ಕೆಲವು ವರ್ಷಗಳ ಹಿಂದೆ ನವೆಂಬರಿನ ಒಂದು ರಾತ್ರಿ ಹತ್ತೂವರೆಗೆ ಧಾರವಾಡದಿಂದ ಫೋನು ಬಂದಿತು. ನಮ್ಮನ್ನು ಸಾಕಿ ಓದಿಸಿದ ದೊಡ್ಡಪ್ಪನವರು ಆಸ್ಪತ್ರೆಯಲ್ಲಿದ್ದರು. “ಬರೂದಾದ್ರ ಈಗ ಬಂದ್‌ಬಿಡ್ರಿ” ಎಂದರು ದೊಡ್ಡವ್ವ. ಇಷ್ಟೇ ಮಾತು. ಹನ್ನೊಂದೂವರೆಗೆ ನಾವು ರಸ್ತೆಯ ಮೇಲಿದ್ದೆವು. ಮುಳ್ಳು ಅರ್ಧಕ್ಕೂ ಮುಕ್ಕಾಲಿಗೂ ನಡುವೆ. ನಮ್ಮ ಲೆಕ್ಕದಲ್ಲಿ ೨೩ ಲೀಟರು, ಅಂದರೆ ೩೪೫ ಕಿಲೋಮೀಟರು. ಸಾತಾರೆ ೨೬೦ರಲ್ಲಿ. ಬೆಳಗಿನ ಜಾವಕ್ಕೆ ಸಾತಾರೆಯಲ್ಲಿ ತುಂಬಿಸುವುದೆಂದು ನಿಶ್ಚಯಿಸಿ ಎಲ್ಲಿಯೂ ನಿಲ್ಲದೆ ಹೊರಟೆವು.

ಮೂರು ಗಂಟೆಯ ಮೇಲೆ ಖಂಬಾಟಕಿಯಲ್ಲಿ ಸಾಲು ನಿಂತಿತು. ಮೇಲೆಲ್ಲೋ ಒಂದು ಲಾರಿಯ ಅಚ್ಚು ಮುರಿದಿತ್ತು. ಎಂಜಿನು ಬಂದ್ ಮಾಡಿ, ಕಿಟಕಿ ಇಳಿಸಿ ಕುಳಿತೆವು. ನಿಂತಲ್ಲಿಯೇ ಗುರುಗುಡುವ ಎಂಜಿನು ಗಂಟೆಗೆ ಅರ್ಧದಿಂದ ಒಂದು ಲೀಟರಿನ ತನಕ ಸುಡುತ್ತದೆ. ನಮ್ಮಲ್ಲಿ ಸುಡುವುದಕ್ಕೆ ಹೆಚ್ಚಿರಲಿಲ್ಲ. ಪಕ್ಕದ ಕಾರಿನಲ್ಲಿ ಒಂದು ಎಳೆಯ ಸಂಸಾರ. ತೊಡೆಯ ಮೇಲೆ ಆರು ತಿಂಗಳ ಕೂಸು. ಅವರ ಗಾಡಿಯಲ್ಲಿ ಹಳದಿ ದೀಪ ಹೊತ್ತಿತ್ತು. ಮುಂದಿನ ಗಾಡಿ ಹತ್ತು ಮಾರು ಸರಿದಾಗಲೆಲ್ಲ ಆ ತರುಣ ಎಂಜಿನು ಹಚ್ಚಲೋ ಬೇಡವೋ ಎಂದು ದೀಪದ ಕಡೆ ನೋಡುತ್ತಿದ್ದ. ಎರಡು ಗಂಟೆ ಹಾಗೆ ಕಳೆಯಿತು. ಸಾಲು ಬಿಟ್ಟಾಗ, “ಮುಂದೆ ನಡಿ, ನಾವು ಹಿಂದೆ ಬರುತ್ತೇವೆ, ನಿಂತರೆ ನಮ್ಮ ಗಾಡಿಯಲ್ಲಿ ಕೂಡಿಸಿಕೊಳ್ಳುತ್ತೇವೆ” ಎಂದು ಮರಾಠಿಯಲ್ಲಿ ಹೇಳಿದೆವು. ಘಟ್ಟದ ಆಚೆ ಇಳಿಜಾರು. ಕೆಳಗಿನ ಮೊದಲ ಪಂಪಿನ ತನಕ ಅವರ ಗಾಡಿ ನಡೆಯಿತು. ಆ ತಾಯಿ ಕಿಟಕಿಯಿಂದ ಕೈಯೆತ್ತಿದಳು. ನಾವು ಅಲ್ಲಿಯೇ ತುಂಬಿಸಿಕೊಂಡು ಮುಂದೆ ಸಾಗಿದೆವು.

ಧಾರವಾಡ ಸೇರಿದಾಗ ಮಧ್ಯಾಹ್ನ ಹನ್ನೆರಡಕ್ಕೆ ಹತ್ತು ನಿಮಿಷ. ದೊಡ್ಡಪ್ಪನವರಿಗೆ ಎಚ್ಚರವಿತ್ತು. ಕೈ ಹಿಡಿದು, “ರಾತ್ರಿ ಗಾಡಿ ಹೊಡ್ಕೊಂಡು ಬಂದ್ರೇನು? ಚಹಾ ಕುಡದ್ರಿಲ್ಲೊ?” ಎಂದು ಕೇಳಿದರು. ಮನೆಯ ಹಿತ್ತಿಲಿನ ಮಾವಿನ ಮರವನ್ನು ಕಡಿಯಬೇಡಿರೆಂದರು. ಮಕ್ಕಳ ಪರೀಕ್ಷೆಯ ಸಂಗತಿ ವಿಚಾರಿಸಿದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅವರಿಗೆ ಪ್ರಜ್ಞೆ ತಪ್ಪಿತು, ಮತ್ತೆ ಮರಳಲಿಲ್ಲ. ನಮಗೆ ಸಿಕ್ಕಿದ್ದು ಆರು ಗಂಟೆ.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ನೇಮ ಇನ್ನಷ್ಟು ಗಟ್ಟಿಯಾಯಿತು: ಮುಳ್ಳು ಅರ್ಧಕ್ಕಿಂತ ಕೆಳಗಿಳಿಯಬಾರದು. ಅರ್ಧವೆಂದರೆ ೧೮ ಲೀಟರು. ಅದರಲ್ಲಿ ದೀಪದ ಐದು ಲೀಟರು ಮುಟ್ಟದೆ ಬಿಟ್ಟರೂ ೧೩ ಲೀಟರು, ಸುಮಾರು ೨೦೦ ಕಿಲೋಮೀಟರು. ಯಾವ ನಡುರಾತ್ರಿ ಕರೆ ಬಂದರೂ ಯಾರನ್ನೂ ಕೇಳದೆ, ಎಲ್ಲಿಯೂ ನಿಲ್ಲದೆ, ಪುಣೆ ದಾಟಿ ಶಿರವಳದ ತನಕ ಹೋಗಬಹುದು. ಊರಿನಲ್ಲಿ ಹಿರಿಯರನ್ನು ಬಿಟ್ಟು ಬಂದ ನಮ್ಮಂಥವರಿಗೆ ಇದು ಜಿಪುಣತನದ ಲೆಕ್ಕವಲ್ಲ, ದುಂದಿನ ಲೆಕ್ಕವೂ ಅಲ್ಲ. ಅರ್ಧ ಟ್ಯಾಂಕು ತುಂಬಿಸುವುದಕ್ಕೂ ಪೂರ್ತಿ ತುಂಬಿಸುವುದಕ್ಕೂ ಲೀಟರಿನ ಬೆಲೆ ಒಂದೇ ತಾನೆ? ಮೊದಲ ಸಲ ಒಮ್ಮೆ ಹೆಚ್ಚು ಕೊಟ್ಟರಾಯಿತು. ಆಮೇಲೆ ಸುಟ್ಟಷ್ಟೇ ಹಾಕುವುದು.

ಯಂತ್ರದ ದೃಷ್ಟಿಯಿಂದಲೂ ಇದು ಹಿತ. ಇಂದಿನ ಪೆಟ್ರೋಲು ಗಾಡಿಗಳಲ್ಲಿ ಪಂಪು ಟ್ಯಾಂಕಿನೊಳಗೇ ಮುಳುಗಿರುತ್ತದೆ. ಪೆಟ್ರೋಲೇ ಅದನ್ನು ತಂಪಾಗಿಡುವುದು. ದಿನವೂ ತಳದಲ್ಲಿಯೇ ಓಡಿಸಿದರೆ ಪಂಪಿಗೆ ಬಿಸಿ ಹೆಚ್ಚಿ ಆಯುಸ್ಸು ಕುಗ್ಗುತ್ತದೆ. ಡೀಸೆಲ್ ಗಾಡಿ ಪೂರ್ತಿ ಬರಿದಾಗಿ ನಿಂತರೆ ಕೊಳವೆಗಳಿಗೆ ಗಾಳಿ ಹೊಕ್ಕು, ಡೀಸೆಲು ಹಾಕಿದ ಮೇಲೂ ಆ ಗಾಳಿಯನ್ನು ಹೊರದಬ್ಬುವ ತನಕ ಅನೇಕ ಗಾಡಿಗಳು ಚಾಲೂ ಆಗುವುದಿಲ್ಲ. ಬಾಯಾರಿದಾಗ ಬಾವಿ ತೋಡಿದಂತೆ ಎಂಬ ಗಾದೆ ಡೀಸೆಲ್ ಗಾಡಿಯವರಿಗಾಗಿಯೇ ಹುಟ್ಟಿದ್ದೇನೋ.

ಕೃಷ್ಣೆ ಕೊಯ್ನೆಗಳು ಎದುರುಬದುರಾಗಿ ಬಂದು ಕೂಡುವ ಕರಾಡವನ್ನು ದಾಟಿದರೆ ಎರಡೂ ಕಡೆ ಕಬ್ಬು. ಈ ಕಬ್ಬಿಗೂ ನಮ್ಮ ಟ್ಯಾಂಕಿಗೂ ಈಗ ನಂಟು ಬೆಳೆದಿದೆ. ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲು ಬೆರೆಸುವ ಗುರಿಯನ್ನು ದೇಶ ೨೦೨೫ರಲ್ಲಿ ಮುಟ್ಟಿತು. ಎಥನಾಲಿನ ಒಂದು ಪಾಲು ಬರುವುದು ಕಬ್ಬಿನ ರಸ, ಕಾಕಂಬಿಗಳಿಂದ. ಎಥನಾಲಿನಲ್ಲಿ ಲೀಟರಿಗೆ ಲೀಟರು ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರರಲ್ಲೊಂದು ಪಾಲು ಕಡಮೆ. ಆದ್ದರಿಂದ ಹಳೆಯ ಲೆಕ್ಕದ ಪುಸ್ತಕದಲ್ಲಿ ಬರೆದ ಮೈಲೇಜನ್ನು ನಂಬಿ ಹೊರಡದೆ ಹೊಸದಾಗಿ ಎಣಿಸಿಕೊಳ್ಳುವುದು ಜಾಣತನ.

ಕೊಲ್ಲಾಪುರದ ಹತ್ತಿರ ಶಿರೋಳಿಯ ಬಳಿ ಪಂಚಗಂಗೆಯ ಸೇತುವೆ. ೨೦೧೯ರ ಆಗಸ್ಟಿನಲ್ಲಿ ಈ ನದಿ ಉಕ್ಕಿ ಹೆದ್ದಾರಿಯ ಮೇಲೆಯೇ ಹರಿದು ಹಲವು ದಿನ ಸಂಚಾರ ನಿಂತುಹೋಯಿತು. ೨೦೨೧ರ ಜುಲೈಯಲ್ಲಿ ಮತ್ತೆ ಹಾಗೆಯೇ ಆಯಿತು. ಎರಡೂ ಕಡೆ ಸಾವಿರಾರು ಲಾರಿ, ಕಾರು, ಬಸ್ಸುಗಳು ನಿಂತವು. ಮಳೆಗಾಲದಲ್ಲಿ ಈ ದಾರಿಯಲ್ಲಿ ಹೋಗುವವರು ಸಾತಾರೆಯಲ್ಲಿಯೋ ಕರಾಡದಲ್ಲಿಯೋ ತುಂಬಿಸಿಕೊಂಡೇ ಮುಂದುವರಿಯಬೇಕು. ದಾರಿ ಕಟ್ಟಿದರೆ ಹಿಂದಿರುಗಲು, ಇಲ್ಲವೆ ಸುತ್ತಿ ಬರಲು ಪೆಟ್ರೋಲಿರಬೇಕು. ದಾರಿಬುತ್ತಿ ಎಂದರೆ ಹೋಗುವ ದಾರಿಗೆ ಮಾತ್ರವಲ್ಲ, ತಿರುಗಿ ಬರುವ ದಾರಿಗೂ.

ಕಾಗಲ ದಾಟಿ ಕೊಗನೊಳ್ಳಿ ಬಂದೊಡನೆ ಹಲಗೆಗಳ ಮೇಲೆ ಕನ್ನಡದ ಗುಂಡಗಿನ ಅಕ್ಷರ ಕಾಣುತ್ತದೆ. ಆ ಕ್ಷಣದಲ್ಲಿ ಹಿಂದಿನ ಆಸನದಲ್ಲಿ ಮಲಗಿದ್ದವರೂ ಎದ್ದು ಕೂಡುತ್ತಾರೆ. ಪೆಟ್ರೋಲಿನ ಬೆಲೆಯೂ ಇಲ್ಲಿ ಬದಲಾಗುತ್ತದೆ. ೨೦೧೭ರ ಜುಲೈಯಲ್ಲಿ ದೇಶಕ್ಕೆಲ್ಲ ಒಂದೇ ಸರಕು ತೆರಿಗೆ ಬಂದರೂ ಪೆಟ್ರೋಲು ಡೀಸೆಲುಗಳನ್ನು ಅದಕ್ಕೆ ಸೇರಿಸಿಲ್ಲ. ಆಯಾ ರಾಜ್ಯದ ತೆರಿಗೆ ಆಯಾ ರಾಜ್ಯದ್ದು. ಆದ್ದರಿಂದ ಗಡಿಯ ಎರಡೂ ಕಡೆಯ ಹಲಗೆಗಳನ್ನು ನೋಡಿ ಹೋಗುವುದು ಈ ದಾರಿಯವರ ಹಳೆಯ ವಾಡಿಕೆ. ಆದರೆ ನಾಲ್ಕು ರೂಪಾಯಿ ಉಳಿಸಲು ಹಳದಿ ದೀಪದ ಮೇಲೆ ಗಡಿ ಮುಟ್ಟುವ ಸಾಹಸ ಬೇಡ. ಮೂವತ್ತು ಲೀಟರಿಗೆ ಉಳಿಯುವುದು ನೂರಿಪ್ಪತ್ತು ರೂಪಾಯಿ. ಗಾಡಿ ನಿಂತರೆ ಎಳೆಸುವವನು ಕೇಳುವುದು ಅದರ ಹತ್ತರಷ್ಟು.

ನಾವು ತುಂಬಿಸುವುದು ಹೊಗೆಸೊಪ್ಪಿನ ನಿಪ್ಪಾಣಿಯಲ್ಲಿ. ಪಂಪಿನ ಹುಡುಗ ಒಂದೇ ವಾಕ್ಯದಲ್ಲಿ ಮರಾಠಿಯನ್ನೂ ಕನ್ನಡವನ್ನೂ ಹೆಣೆಯುತ್ತಾನೆ. ನಾವು ಕನ್ನಡದಲ್ಲಿ “ಫುಲ್ ಮಾಡ್ರಿ” ಎಂದೊಡನೆ, “ಯಾವ ಊರ್‌ರಿ ನಿಮ್ದು? ಗಾಡಿ ನಂಬರ್ ಮುಂಬೈದು ಐತಿ. ಝೀರೋ ನೋಡ್ಕೊಳ್ರಿ” ಎನ್ನುತ್ತಾನೆ. ಮೀಟರು ಸೊನ್ನೆಗೆ ಬಂದುದನ್ನು ನೋಡಬೇಕು. ಅಳತೆಯ ಬಗ್ಗೆ ಸಂಶಯವಿದ್ದರೆ ಸರಕಾರದ ಮುದ್ರೆಯುಳ್ಳ ಐದು ಲೀಟರಿನ ಅಳತೆಪಾತ್ರೆಯನ್ನು ಕೇಳಿ ಪರೀಕ್ಷಿಸಬಹುದು. ಅದನ್ನು ಪ್ರತಿ ಪಂಪೂ ಇಟ್ಟಿರಬೇಕು. ಟ್ಯಾಂಕಿನ ಬಾಯಿ ಗಾಡಿಯ ಯಾವ ಮಗ್ಗುಲಿಗಿದೆ ಎಂದು ಗಲಿಬಿಲಿಯಾಗುವವರಿಗೆ ಒಂದು ಸುಳಿವು: ಅನೇಕ ಗಾಡಿಗಳಲ್ಲಿ ಮುಳ್ಳಿನ ಬಳಿಯ ಪಂಪಿನ ಚಿತ್ರದ ಪಕ್ಕಕ್ಕೆ ಒಂದು ಸಣ್ಣ ಬಾಣವಿರುತ್ತದೆ, ಅದು ತೋರಿಸುವ ಮಗ್ಗುಲೇ ಬಾಯಿ. ಫೋರ್ಡ್ ಕಂಪನಿಯ ಜಿಮ್ ಮೊಯ್ಲನ್ ಎಂಬ ಎಂಜಿನಿಯರು ೧೯೮೬ರಲ್ಲಿ ಇದನ್ನು ಸೂಚಿಸಿದರು. ಇಷ್ಟು ಸಣ್ಣ ಉಪಕಾರವನ್ನು ಇಷ್ಟು ಜನಕ್ಕೆ ಮಾಡಿದವರು ಲೋಕದಲ್ಲಿ ಎಷ್ಟು ಮಂದಿ?

ನಿಪ್ಪಾಣಿ ಬಿಟ್ಟರೆ ಸ್ತವನಿಧಿಯ ಏರು, ಹಿರಣ್ಯಕೇಶಿಯ ಸಂಕೇಶ್ವರ, ಚೆನ್ನಮ್ಮನ ತವರಾದ ಕಾಕತಿ, ಬೆಳಗಾವಿಯ ಕುಂದಾ, ಮಲಪ್ರಭೆಯ ಸೇತುವೆ, ಕಿತ್ತೂರು. ಆಮೇಲೆ ಕೆಂಪು ಮಣ್ಣಿನ ಧಾರವಾಡ. ಈ ೧೫೦ ಕಿಲೋಮೀಟರಿನಲ್ಲಿ ಮುಳ್ಳಿನ ಕಡೆ ಯಾರೂ ನೋಡುವುದಿಲ್ಲ. ತುಂಬಿದ ಟ್ಯಾಂಕಿನ ನಿಜವಾದ ಸುಖ ಇದೇ: ಅದರ ನೆನಪೇ ಬಾರದಿರುವುದು.

ಇಷ್ಟಾದರೂ ದಾರಿಯಲ್ಲಿ ಎಂದಾದರೂ ಗಾಡಿ ನಿಂತರೆ ಗಾಬರಿ ಬೇಡ. ಅದು ತೊದಲತೊಡಗಿದಾಗಲೇ ಎಡಬದಿಗೆ ತನ್ನಿ; ನಾಲ್ಕೂ ಮಿನುಗುದೀಪ ಹಚ್ಚಿ, ಕೆಂಪು ತ್ರಿಕೋನವನ್ನು ಸಾಕಷ್ಟು ಹಿಂದೆ ಇಡಿ; ಮಕ್ಕಳನ್ನೂ ಹಿರಿಯರನ್ನೂ ಇಳಿಸಿ ರಸ್ತೆಯ ಕಟ್ಟೆಯಾಚೆ ನಿಲ್ಲಿಸಿ. ರಾಷ್ಟ್ರೀಯ ಹೆದ್ದಾರಿಯ ಸಹಾಯಕ್ಕೆ ೧೦೩೩, ಅಪಾಯವಿದ್ದರೆ ೧೧೨. ನೀರಿನ ಬಾಟಲಿಯಲ್ಲಿ ಪೆಟ್ರೋಲು ಹೊತ್ತು ಗಾಡಿಯಲ್ಲಿ ಇಟ್ಟುಕೊಳ್ಳುವ ‘ಮುಂಜಾಗ್ರತೆ’ ಮಾತ್ರ ಖಂಡಿತ ಬೇಡ. ಬಿಸಿಲಿನಲ್ಲಿ ಅದರ ಆವಿ ಮಕ್ಕಳ ಪಕ್ಕದಲ್ಲಿ ಇಟ್ಟ ಕೆಂಡಕ್ಕೆ ಸಮ.

ಬರುವ ರಜೆಗೆ ನಮ್ಮ ಸಂಘದ ಎಷ್ಟೋ ಸಂಸಾರಗಳು ಈ ದಾರಿ ಹಿಡಿಯಲಿವೆ. ಹೊರಡುವ ಹಿಂದಿನ ಸಂಜೆ ಗಾಳಿ, ಎಣ್ಣೆ, ಪೆಟ್ರೋಲು ನೋಡಿಕೊಳ್ಳಿರಿ. ಪಂಪಿನ ಚೀಟಿಯನ್ನು ಮಕ್ಕಳ ಕೈಗೆ ಕೊಟ್ಟು ಮೈಲೇಜಿನ ಲೆಕ್ಕ ಮಾಡಿಸಿರಿ. ಭಾಗಾಕಾರ ಕಲಿಯಲು ಅದಕ್ಕಿಂತ ರುಚಿಯಾದ ಪಾಠ ಸಿಗಲಾರದು. ರಜೆ ಮುಗಿಸಿ ಮುಂಬಯಿಗೆ ಮರಳಿದ ರಾತ್ರಿ ಎಷ್ಟೇ ದಣಿವಿದ್ದರೂ ಮನೆಯ ಹತ್ತಿರದ ಪಂಪಿನಲ್ಲಿ ಒಮ್ಮೆ ನಿಂತು, ಮುಳ್ಳನ್ನು ಮೇಲೇರಿಸಿಯೇ ಗಾಡಿಯನ್ನು ಕಟ್ಟಡದ ಕೆಳಗೆ ನಿಲ್ಲಿಸಿರಿ. ಊರಿನಲ್ಲಿ ಬಿಟ್ಟು ಬಂದವರು ಯಾವಾಗ ಕರೆದಾರೋ, ಹೇಳಲಾಗದು.